ನೆಲದ ಸಪ್ಪಳ, ಪದವಿಯ ಪ್ರಬಂಧ

ಪದವಿಯ ಕೊನೆಯ ಸೆಮಿಸ್ಟರ್ ಬಂತೆಂದರೆ ತಾಲ್ಲೂಕು ಕೇಂದ್ರಗಳ ಝೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಪ್ರಾಜೆಕ್ಟ್ ಒಪ್ಪಿಸುವ ಕಡೆಯ ದಿನ ಗೊತ್ತಾದ ಕೂಡಲೇ ಅಂಗಡಿ ಮುಂದೆ ಬೈಕುಗಳು ಸಾಲುಗಟ್ಟುತ್ತವೆ. ಒಳಗೆ ಕಂಪ್ಯೂಟರ್ ಮುಂದೆ ಕುಳಿತವನ ಹತ್ತಿರ ಹೋದ ವರ್ಷದ, ಅದರ ಹಿಂದಿನ ವರ್ಷದ ಪ್ರಬಂಧಗಳೆಲ್ಲ ತಯಾರಿರುತ್ತವೆ. ಹೆಸರು ಬದಲಿಸಿ, ರಿಜಿಸ್ಟರ್ ನಂಬರ್ ಬದಲಿಸಿ, ‘ಸೇಡಂ ತಾಲ್ಲೂಕಿನ’ ಎಂದಿದ್ದ ಕಡೆಯಲ್ಲೆಲ್ಲ ‘ಚಿಂಚೋಳಿ ತಾಲ್ಲೂಕಿನ’ ಎಂದು ಒಂದೇ ಏಟಿಗೆ ತಿದ್ದಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡರೆ ಮುಗಿಯಿತು. ಹೀಗೆ ತಿದ್ದುವಾಗ ಮಳಖೇಡದ ಕೋಟೆಯೂ ಎದ್ದು ಚಿಂಚೋಳಿ ತಾಲ್ಲೂಕಿಗೆ ಬಂದು ಕೂರುವುದುಂಟು. ಓದುವವರಿಲ್ಲವಾದ್ದರಿಂದ ಅದನ್ನು ಯಾರೂ ವಾಪಸು ಕಳಿಸುವುದಿಲ್ಲ.

ಹುಡುಗರನ್ನು ಬೈಯುವುದು ಸುಲಭ. ಒಂದನೇ ತರಗತಿಯಿಂದ ಪದವಿಯವರೆಗೆ ಪ್ರಶ್ನೆ ಕೇಳುವುದು ಮೇಷ್ಟ್ರ ಕೆಲಸ, ಉತ್ತರ ಬರೆಯುವುದು ಮಕ್ಕಳ ಕೆಲಸ ಎಂದು ಕಲಿಸಿದವರು ನಾವೇ. ಉತ್ತರ ಗೈಡಿನಲ್ಲಿ ಇರುತ್ತದೆ ಎಂದು ತೋರಿಸಿಕೊಟ್ಟವರೂ ನಾವೇ. ಹದಿನೈದು ವರ್ಷ ಹೀಗೆ ಬೆಳೆಸಿ, ಕಟ್ಟಕಡೆಗೆ ಒಂದು ದಿನ ‘ನೀನೇ ಒಂದು ಪ್ರಶ್ನೆ ಹುಡುಕು, ನೀನೇ ಉತ್ತರ ಕಂಡುಕೊಂಡು ಬರೆ’ ಎಂದರೆ ಆತ ಝೆರಾಕ್ಸ್ ಅಂಗಡಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಒಳ್ಳೆಯ ಸಂಶೋಧನ ಪ್ರಬಂಧ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಾಣದೆಯೇ ಪದವಿ ಮುಗಿಸುವವರು ನಮ್ಮಲ್ಲಿ ಬಹಳ ಮಂದಿ.

ಪದವಿ ವಿದ್ಯಾರ್ಥಿಯ ಸಂಶೋಧನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಇಲ್ಲಿಯವರೆಗೆ ಯಾರೂ ಬರೆದಿಡದ ಒಂದು ಸಣ್ಣ ಸಂಗತಿಯನ್ನು, ಅದು ತನಗೆ ಗೊತ್ತಾದ ಬಗೆಯ ಸಮೇತ ಬರೆದಿಡುವುದು. ಅಷ್ಟೇ. ಜಗತ್ತನ್ನು ಬದಲಿಸುವ ಸಿದ್ಧಾಂತವನ್ನು ಇಪ್ಪತ್ತು ವರ್ಷದವರಿಂದ ಯಾರೂ ಕೇಳಿಲ್ಲ. ಕೊಟ್ಟವರು ಇದ್ದಾರೆ, ನಿಜ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಯಾಗಿದ್ದಾಗಲೇ ಬರೆದ ಲೇಖನ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಇಂಥ ಉದಾಹರಣೆ ಕೊಟ್ಟು ಚಿಂಚೋಳಿಯ ಹುಡುಗಿಯನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಆಕೆಗೆ ಬೇಕಾದದ್ದು ಬರೆದಿಡದೆ ಉಳಿದ ಸಂಗತಿ. ಆ ಲೆಕ್ಕದಲ್ಲಿ ಬೆಂಗಳೂರಿನ ದೊಡ್ಡ ಕಾಲೇಜಿನ ಮಕ್ಕಳಿಗಿಂತ ಆಕೆಯ ಬಂಡವಾಳ ಹೆಚ್ಚು. ಬೆಂಗಳೂರಿನ ಕೆರೆ, ಕಸ, ಟ್ರಾಫಿಕ್ ಬಗ್ಗೆ ಬರೆಯಲು ನೂರು ಜನ ಕಾದಿದ್ದಾರೆ. ಕುಂಚಾವರಂ ಕಾಡಿನಂಚಿನ ತಾಂಡಾಗಳ ಬಗ್ಗೆ, ಶಹಾಬಾದಿನ ಫರಸಿ ಖಣಿಗಳ ಬಗ್ಗೆ, ವಾಡಿ ಜಂಕ್ಷನ್ನಿನ ರೈಲ್ವೆ ಕಾಲೊನಿಯಲ್ಲಿ ಬೆರೆತುಹೋದ ಭಾಷೆಗಳ ಬಗ್ಗೆ ಅಷ್ಟು ಮಂದಿ ಕಾದಿಲ್ಲ.

ನೀತಿ-ನಿಯಮಗಳ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂತು. ಅದರ ಜೊತೆ ನಾಲ್ಕು ವರ್ಷದ ಆನರ್ಸ್ ಮಾತೂ ಬಂತು. 2022ರ ಡಿಸೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನ ಪ್ರಬಂಧ ಬರೆದು ‘ಆನರ್ಸ್ ವಿತ್ ರಿಸರ್ಚ್’ ಪದವಿ ಪಡೆಯಬಹುದು. ಅಷ್ಟರಲ್ಲಿ, 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ನಾಲ್ಕನೇ ವರ್ಷ ಬೇಕೋ ಬೇಡವೋ ಎಂಬ ಜಗಳ ದೊಡ್ಡವರದು. ನನಗನ್ನಿಸುವಂತೆ ಒಂದು ಸೆಮಿಸ್ಟರ್, ಒಂದು ಸೈಕಲ್ಲು, ಕೇಳಿಸಿಕೊಳ್ಳುವ ತಾಳ್ಮೆ ಇರುವ ಒಬ್ಬ ಗೈಡ್ ಇದ್ದರೆ ಮೊದಲ ಪ್ರಬಂಧಕ್ಕೆ ಸಾಕು. ಶೇ 75ರ ಗೆರೆಯಂತೂ ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆಯಲ್ಲಿ ನೆನಪಿನಿಂದ ಬರೆಯುವವರು ಬೇರೆ, ಊರಿನ ಕಟ್ಟೆಯ ಮೇಲೆ ಕೂತು ಮುತ್ಯಾಗಳ ಬಾಯಿ ಬಿಡಿಸುವವರು ಬೇರೆ.

*

ಗಡಿಕೇಶ್ವಾರದ ಕಡೆ ಹೋಗೋಣ. ಚಿಂಚೋಳಿ ತಾಲ್ಲೂಕಿನ ಈ ಊರಿನ ಹೆಸರು ರಾಜ್ಯಕ್ಕೆಲ್ಲ ಕೇಳಿಸಿದ್ದು 2021ರ ಅಕ್ಟೋಬರ್‌ನಲ್ಲಿ. ನೆಲದೊಳಗಿಂದ ಸಪ್ಪಳ ಬರುತ್ತದೆ ಎಂದು ಅಲ್ಲಿನವರು ಅದಕ್ಕೂ ಕೆಲವು ವರ್ಷಗಳಿಂದ ಹೇಳುತ್ತಲೇ ಇದ್ದರು. ಅಕ್ಟೋಬರ್ 11ರ ಸೋಮವಾರ ರಾತ್ರಿ ಹತ್ತರ ಸುಮಾರಿಗೆ ಆದ ಕಂಪನದ ತೀವ್ರತೆ ರಿಕ್ಟರ್ ಮಾಪಕದಲ್ಲಿ 4.1 ಎಂದು ದಾಖಲಾಯಿತು. ಜನ ಮನೆ ಬಿಟ್ಟು ಬಯಲಿಗೆ ಬಂದರು, ಹೊರಗೇ ಮಲಗಿದರು, ಕೆಲವರು ಮಕ್ಕಳು-ಮರಿ ಕಟ್ಟಿಕೊಂಡು ನೆಂಟರ ಊರಿಗೆ ಹೋದರು. ಈ ಭಾಗದಲ್ಲಿ ಭೂಮಿ ನಡುಗಿತು ಅಂದರೆ ಐವತ್ತು ದಾಟಿದವರಿಗೆಲ್ಲ ನೆನಪಾಗುವುದು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಸೀಮೆ ಕುಸಿದಾಗ ಹತ್ತಿರಹತ್ತಿರ 10 ಸಾವಿರ ಜನ ಸತ್ತಿದ್ದರು. ಗಡಿಕೇಶ್ವಾರದ ಮಂದಿ ಹೆದರಿದ್ದು 4.1ಕ್ಕೆ ಮಾತ್ರ ಅಲ್ಲ, 1993ಕ್ಕೂ ಹೆದರಿದರು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರು, ಕಂಪನ ಅಳೆಯುವ ಯಂತ್ರ ಇಟ್ಟರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರೂ ಬಂದರು. ಅವರು ಕೊಟ್ಟ ವಿವರಣೆಯ ತಿರುಳು ಇಷ್ಟು: ಇಲ್ಲಿಯ ನೆಲದಡಿ ಇರುವುದು ಸುಣ್ಣದ ಕಲ್ಲು. ಜೋರು ಮಳೆಗಾಲದ ನಂತರ ನೀರು ಬಂಡೆಯ ಸೀಳುಗಳಿಗೆ ಇಳಿದು ಒಳಗಿನ ಒತ್ತಡ ಬದಲಾಗುತ್ತದೆ, ಆಗ ಸಣ್ಣ ಕಂಪನ, ಸದ್ದು ಹುಟ್ಟುತ್ತವೆ.

ಈಗ ಈ ಊರಿನ ಬಗ್ಗೆ ಒಬ್ಬ ಬಿ.ಎ. ವಿದ್ಯಾರ್ಥಿನಿ ಪ್ರಬಂಧ ಬರೆಯಲು ಹೊರಟಳು ಅಂದುಕೊಳ್ಳಿ. ಆಕೆ ಮೊದಲು ಕೊಡುವ ಶೀರ್ಷಿಕೆ ನನಗೆ ಈಗಲೇ ಗೊತ್ತು: ‘ಗಡಿಕೇಶ್ವಾರದ ಭೂಕಂಪಗಳು: ಒಂದು ಅಧ್ಯಯನ’. ಈ ‘ಒಂದು ಅಧ್ಯಯನ’ ಎಂಬ ಬಾಲವನ್ನು ಕನ್ನಡ ಸಂಶೋಧನೆಯಿಂದ ಕತ್ತರಿಸಿದವರಿಗೆ ಯಾರಾದರೂ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಪ್ರಶ್ನೆ ಇಲ್ಲದ ಕಡೆ ಭೂಕಂಪ ಎಂದರೇನು, ಅದರ ವಿಧಗಳು ಯಾವುವು, ಜಗತ್ತಿನ ಪ್ರಮುಖ ಭೂಕಂಪಗಳು ಎಂದು ಮೂವತ್ತು ಪುಟ ತುಂಬಿ, ಗಡಿಕೇಶ್ವಾರಕ್ಕೆ ಬರುವ ಹೊತ್ತಿಗೆ ಉಪಸಂಹಾರ ಬಂದಿರುತ್ತದೆ. ಗೈಡ್ ಆದವರು ಅಲ್ಲೇ ತಡೆದು ‘ಏನವ್ವಾ, ನಿನಗ ಖರೇ ಏನು ಗೊತ್ತಾಗಬೇಕಾಗ್ಯದ?’ ಎಂದು ಕೇಳಬೇಕು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊರು ಬಿಟ್ಟವರು ಯಾವಾಗ ತಿರುಗಿ ಬಂದ್ರು ಸರ್? ಹೆದರಿಕಿ ಹೋಗಿತ್ತೋ, ಬ್ಯಾರೆ ದಾರಿ ಇರ್ಲಿಲ್ಲಂತ ಬಂದ್ರೋ?’ ಅಂದರೆ ಪ್ರಬಂಧ ಹುಟ್ಟಿತು. ಅದಕ್ಕೆ ಉತ್ತರ ಅಂತರ್ಜಾಲದಲ್ಲಿಲ್ಲ, ಗೈಡಿನಲ್ಲೂ ಇಲ್ಲ. ಊರಲ್ಲಿದೆ.

ವಿಜ್ಞಾನದ ವಿದ್ಯಾರ್ಥಿಯಾದರೆ ಇನ್ನೊಂದು ಅಡ್ಡಿ ಮುಂದಿಡುತ್ತಾನೆ: ‘ನಮ್ಮ ಹತ್ರ ಮಷಿನ್ ಎಲ್ಲಿ ಅದ ಸರ್?’ ಇಲ್ಲಿ ಭೂಕಂಪ ವಿಜ್ಞಾನವೇ ಆತನ ಸಹಾಯಕ್ಕೆ ಬರುತ್ತದೆ. ರಿಕ್ಟರ್ ಸಂಖ್ಯೆ ಹೇಳುವುದು ನೆಲದಡಿ ಬಿಡುಗಡೆಯಾದ ಶಕ್ತಿಯನ್ನು. ಅದಕ್ಕೆ ಯಂತ್ರ ಬೇಕು. ಆದರೆ ಒಂದೊಂದು ಊರಿನಲ್ಲಿ, ಒಂದೊಂದು ಓಣಿಯಲ್ಲಿ ನಡುಕ ಎಷ್ಟು ಜೋರಾಗಿತ್ತು ಎಂಬುದನ್ನು ಅಳೆಯಲು ಬೇರೆ ಮಾಪಕಗಳಿವೆ. ಮರ್ಕಾಲಿ ಮಾಪಕ, ಭಾರತದಲ್ಲಿ ಬಳಕೆಯಲ್ಲಿರುವ ಎಂಎಸ್‌ಕೆ ಮಾಪಕ ಇಂಥವು. ಇವು ಕೇಳುವುದು ಮನುಷ್ಯರ ಅನುಭವವನ್ನು. ಮಲಗಿದವರಿಗೆ ಎಚ್ಚರವಾಯಿತೆ? ತೂಗುಬಿಟ್ಟ ವಸ್ತು ಅಲುಗಾಡಿತೆ? ಪಾತ್ರೆಗಳು ಸದ್ದು ಮಾಡಿದವೆ? ಗೋಡೆ ಬಿರುಕು ಬಿಟ್ಟಿತೆ? ಇವನ್ನು ಅಳೆಯಲು ಬೇಕಾದದ್ದು ನೋಟ್‌ಬುಕ್ಕು, ಪೆನ್ನು. ಪಠ್ಯಪುಸ್ತಕದಲ್ಲಿ ತೂಗುದೀಪ ಎಂದಿದ್ದರೆ ನಮ್ಮೂರಿನಲ್ಲಿ ನೆಲುವು, ತೊಟ್ಟಿಲು ಎಂದು ಕೇಳಬೇಕು. ಅಡುಗೆಮನೆಯ ಭಾಂಡೆ ಬಿದ್ದವೋ, ಬರೇ ಸಪ್ಪಳ ಮಾಡಿದವೋ ಎಂದು ಬಿಡಿಸಿ ಕೇಳಬೇಕು. ಹೀಗೆ ನಲವತ್ತು ಮನೆ ಕೇಳಿದರೆ ಊರಿನ ಯಾವ ಓಣಿಯಲ್ಲಿ ನಡುಕ ಹೆಚ್ಚಿತ್ತು ಎಂಬ ನಕ್ಷೆ ಸಿದ್ಧವಾಗುತ್ತದೆ. ಆ ನಕ್ಷೆ ಯಂತ್ರ ಇಟ್ಟವರಿಗೂ ಬೇಕಾದದ್ದೇ.

ಇದು ಬಡವರ ವಿಜ್ಞಾನ ಎಂದು ಯಾರೂ ಮೂಗು ಮುರಿಯಬೇಕಿಲ್ಲ. 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾದಾಗ ಅಲ್ಲಿಯ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ದೇಶದ ಚರ್ಚುಗಳ ಪಾದ್ರಿಗಳಿಗೆಲ್ಲ ಒಂದು ಪ್ರಶ್ನಾವಳಿ ಕಳಿಸಿದ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ನಡೆಯಿತು, ಸಮುದ್ರ ಮೊದಲು ಹಿಂದೆ ಸರಿಯಿತೋ ಮುಂದೆ ಬಂತೋ, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು. ದೇವರ ಸಿಟ್ಟಿನ ಬಗ್ಗೆ ಊರೆಲ್ಲ ಮಾತಾಡುತ್ತಿದ್ದ ಕಾಲದಲ್ಲಿ ಆತ ಕೇಳಿದ್ದು ಕಂಡದ್ದನ್ನು, ಎಣಿಸಿದ್ದನ್ನು. ಭೂಕಂಪ ವಿಜ್ಞಾನದ ಚರಿತ್ರೆ ಬರೆಯುವವರು ಇಂದಿಗೂ ಆ ಉತ್ತರಗಳನ್ನು ಬಿಚ್ಚಿ ನೋಡುತ್ತಾರೆ.

ಕೇಳುವುದರಲ್ಲೂ ಕಸುಬಿದೆ. ‘ಭೂಕಂಪಕ್ಕೆ ಬಹಳ ಹೆದರಿದ್ರೇನ್ರಿ?’ ಎಂದು ಕೇಳಿದರೆ ಎಲ್ಲರೂ ‘ಹೌದ್ರಿ’ ಅನ್ನುತ್ತಾರೆ. ಆ ‘ಹೌದ್ರಿ’ಗಳನ್ನು ಕೂಡಿಸಿ ಶೇಕಡಾವಾರು ಪಟ್ಟಿ ಮಾಡಿದರೆ ಅದು ಪ್ರಶ್ನೆ ಕೇಳಿದವರ ಪಟ್ಟಿ, ಊರಿನದಲ್ಲ. ‘ಯವ್ವಾ, ಅವತ್ತ ರಾತ್ರಿ ಎಲ್ಲಿದ್ರಿ, ಏನಾತು ಹೇಳ್ರಿ’ ಎಂದು ಬಿಟ್ಟುಕೊಟ್ಟರೆ ಕತೆ ಬರುತ್ತದೆ. ‘ಹಬ್ಬದ ಮುಂದ ಆತು ನೋಡವಾ, ಧಡ್ ಅಂತ ಸಪ್ಪಳ ಬಂತು, ಹೊರಗ ಓಡಿ ಬಂದೀವಿ’ ಎಂದು ಯಾರಾದರೂ ಅಂದರೆ ಆ ‘ಹಬ್ಬದ ಮುಂದ’ ಎಂಬ ಮಾತನ್ನು ಹಾಗೇ ಬರೆದುಕೊಳ್ಳಬೇಕು. ಹಳ್ಳಿಯ ನೆನಪು ತಾರೀಖಿನ ಮೇಲೆ ನಿಲ್ಲುವುದಿಲ್ಲ, ಹಬ್ಬ, ಬಿತ್ತನೆ, ರಾಶಿಯ ಮೇಲೆ ನಿಲ್ಲುತ್ತದೆ. ಆ ವರ್ಷ ನವರಾತ್ರಿ ಅಕ್ಟೋಬರ್ 7ಕ್ಕೆ ಹಿಡಿದು 15ಕ್ಕೆ ದಸರೆ. ಹಾಗಾಗಿ ‘ಹಬ್ಬದ ಮುಂದ’ ಎಂದವರ ನೆನಪು 11ರ ರಾತ್ರಿಯದು ಇರಬಹುದು. ‘ಘಟ್ಟ ಹಾಕಿದ ಮರುದಿನ’ ಎಂದವರು ಬೇರೆ ಯಾವುದೋ ಸಣ್ಣ ಕಂಪನದ ಬಗ್ಗೆ ಹೇಳುತ್ತಿರಬಹುದು. ಪಂಚಾಂಗವೂ ಸಂಶೋಧನೆಯ ಸಾಧನವೇ. ಒಂದೇ ಮನೆಯ ಗಂಡ-ಹೆಂಡತಿಯನ್ನು ಬೇರೆಬೇರೆಯಾಗಿ ಕೇಳುವುದು ಇನ್ನೊಂದು ಉಪಾಯ. ಗಂಡ ಹೊರಗೆ ಕಟ್ಟೆಯ ಮೇಲಿದ್ದರೆ ಸದ್ದಷ್ಟೇ ಕೇಳಿರುತ್ತಾನೆ, ಒಲೆಯ ಮುಂದಿದ್ದ ಹೆಂಡತಿ ನೆಲದ ನಡುಕ ಹೇಳುತ್ತಾಳೆ. ಇಬ್ಬರ ಮಾತೂ ನಿಜ.

ಮನೆಗಳ ಬಗೆಯನ್ನೂ ನೋಡಬೇಕು. ಕಲ್ಲು-ಮಣ್ಣಿನ ಗೋಡೆಯ ಮೇಲೆ ಮಣ್ಣು ಮುಚ್ಚಿದ ಭಾರದ ಮಾಳಿಗೆ, ತಗಡಿನ ಮನೆ, ಹೊಸ ಆರ್‌ಸಿಸಿ ಎಂದು ಬೇರೆ ಮಾಡಿಕೊಂಡರೆ ಬಿರುಕು ಯಾವುದರಲ್ಲಿ ಹೆಚ್ಚು ಎಂದು ಎಣಿಸಬಹುದು. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದಕ್ಕೆ ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆ ಮುಖ್ಯ ಕಾರಣ ಎಂಬುದು ಗೊತ್ತಿರುವ ಸಂಗತಿ. ಗಡಿಕೇಶ್ವಾರದಲ್ಲಿ ಆ ಭಯದಿಂದ ಮಾಳಿಗೆ ಕೆಡವಿ ತಗಡು ಹಾಕಿದವರು ಇದ್ದಾರೆಯೇ? ತಗಡಿನಡಿ ಬೇಸಿಗೆಯಲ್ಲಿ ಹೇಗೆ ಇರುತ್ತಾರೆ? ಇದೂ ಒಂದು ಪ್ರಬಂಧ. ನಲವತ್ತೈದು ಡಿಗ್ರಿ ಬಿಸಿಲಿನ ಸೀಮೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಮಳೆಗೂ ಸದ್ದಿಗೂ ಇರುವ ನಂಟನ್ನು ನೋಡಬೇಕೆಂದರೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕೋಪ ಉಸ್ತುವಾರಿ ಕೇಂದ್ರ ಇಟ್ಟಿರುವ ಮಳೆಮಾಪಕಗಳ ಅಂಕಿ ಇದೆ. ಯಾವ ವಾರ ಎಷ್ಟು ಮಳೆ, ಯಾವ ವಾರ ಎಷ್ಟು ಮನೆಯವರು ಸದ್ದು ಕೇಳಿದರು ಎಂದು ಪಕ್ಕಪಕ್ಕ ಬರೆಯಬಹುದು. ಆದರೆ ಇಲ್ಲೊಂದು ಗುಂಡಿ ಇದೆ, ದೊಡ್ಡ ದೊಡ್ಡವರೂ ಬೀಳುವಂಥದ್ದು. ಎರಡು ಸಂಗತಿ ಒಟ್ಟೊಟ್ಟಿಗೆ ನಡೆದವು ಎಂದರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎಂದಲ್ಲ. ಸುತ್ತಲಿನ ಖಣಿಗಳಲ್ಲಿ ಸಿಡಿಮದ್ದು ಹಾರಿಸಿದ ಸದ್ದೂ ಆ ಲೆಕ್ಕದಲ್ಲಿ ಬೆರೆತಿರಬಹುದು. ಕೇಳಿದವರಿಗೆ ನೆಲದಡಿಯ ಸದ್ದು ಯಾವುದು, ಮದ್ದಿನ ಸದ್ದು ಯಾವುದು ಎಂದು ಬೇರೆ ಮಾಡಿ ಹೇಳಲು ಬರುತ್ತದೆಯೇ ಎಂದು ಕೇಳಿ ನೋಡಬೇಕು. ಕಡೆಗೆ ನಂಟು ಕಾಣಿಸದಿದ್ದರೆ ‘ಕಾಣಿಸಲಿಲ್ಲ’ ಎಂದೇ ಬರೆಯಬೇಕು. ನಮ್ಮ ಪದವಿ ಮಕ್ಕಳಿಗೆ ಇದನ್ನು ಒಪ್ಪಿಸುವುದು ಬಹಳ ಕಷ್ಟ. ಏನೂ ಸಿಗಲಿಲ್ಲ ಎಂದರೆ ನಪಾಸು ಎಂದು ಅವರ ಲೆಕ್ಕ. ಹಾಗಾಗಿ ಅಂಕಿಯನ್ನು ಸ್ವಲ್ಪ ಆಚೀಚೆ ತಳ್ಳಿ ಸಿಕ್ಕಂತೆ ಮಾಡುತ್ತಾರೆ. ನನ್ನ ಮಟ್ಟಿಗೆ ವಿದ್ಯಾರ್ಥಿಯ ಪ್ರಬಂಧದಲ್ಲಿ ಮೊದಲು ತಿರುವಿ ನೋಡುವ ಪುಟ ‘ಈ ಅಧ್ಯಯನದ ಮಿತಿಗಳು’. ಅಲ್ಲಿ ‘ಸಮಯದ ಅಭಾವ’ ಎಂದಿದ್ದರೆ ಕೆಳಗಿಡುತ್ತೇನೆ. ‘ಊರು ಬಿಟ್ಟು ಹೋಗಿ ಇನ್ನೂ ಬಾರದವರನ್ನು ಕೇಳಲು ಆಗಲಿಲ್ಲ, ಆದ್ದರಿಂದ ಇಲ್ಲಿರುವುದು ಮರಳಿದವರ ಮಾತು ಮಾತ್ರ’ ಎಂದಿದ್ದರೆ ಪೂರ್ತಿ ಓದುತ್ತೇನೆ.

*

ಹಿಂದಿನವರನ್ನು ಹೆಸರಿಸುವುದು ಪ್ರಬಂಧದ ಇನ್ನೊಂದು ಮರ್ಯಾದೆ. ಅದನ್ನು ಮಕ್ಕಳು ಅಂಕಕ್ಕಾಗಿ ಮಾಡುವ ಶಿಕ್ಷೆ ಎಂದುಕೊಂಡಿದ್ದಾರೆ. ಚಿಂಚೋಳಿಯಿಂದ ಬಹಳ ದೂರವೇನಿಲ್ಲ, ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದಲ್ಲಿ ತನಗಿಂತ ಹಿಂದೆ ಕನ್ನಡದಲ್ಲಿ ಬರೆದವರ ಹೆಸರುಗಳಿವೆ. ಗದ್ಯ ಬರೆದವರು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರಲ್ಲಿ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದವರು. ಇವರ ಕನ್ನಡ ಕೃತಿಗಳು ನಮಗೆ ಉಳಿದಿಲ್ಲ. ಓಲೆಗರಿಗಳು ಹೋದವು, ಒಬ್ಬ ಗ್ರಂಥಕಾರ ಪ್ರಾಮಾಣಿಕವಾಗಿ ಹೆಸರಿಸಿದ್ದರಿಂದ ಅವರು ಇದ್ದರು ಎಂಬುದಾದರೂ ಗೊತ್ತಾಯಿತು. ಅಡಿಟಿಪ್ಪಣಿಗೆ ಇದಕ್ಕಿಂತ ದೊಡ್ಡ ವಕಾಲತ್ತು ನನಗೆ ಗೊತ್ತಿಲ್ಲ. (ಅದೇ ಗ್ರಂಥ ದಂಡಿಯ ‘ಕಾವ್ಯಾದರ್ಶ’ದಿಂದ ಧಾರಾಳವಾಗಿ ತೆಗೆದುಕೊಂಡಿದೆ ಎಂಬುದನ್ನೂ ವಿದ್ವಾಂಸರು ತೋರಿಸಿದ್ದಾರೆ. ಇಂದಿನ ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೆ ಹಾಕಿದ್ದರೆ ಅಮೋಘವರ್ಷನ ಆಸ್ಥಾನಕ್ಕೂ ಒಂದು ನೋಟಿಸ್ ಹೋಗುತ್ತಿತ್ತೇನೋ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ.)

ಮುತ್ಯಾ ಹೇಳಿದ್ದನ್ನು ಹೇಗೆ ಉಲ್ಲೇಖಿಸಬೇಕು ಎಂಬುದನ್ನು ಮಾತ್ರ ಯಾವ ಕೈಪಿಡಿಯೂ ಸರಿಯಾಗಿ ಕಲಿಸುವುದಿಲ್ಲ. ಪುಸ್ತಕವಾದರೆ ಲೇಖಕ, ವರ್ಷ, ಪುಟ. ಮಾತಾದರೆ? ಹೇಳಿದವರು ಯಾರು, ಎಷ್ಟು ವಯಸ್ಸು, ಯಾವ ಊರು, ಯಾವ ದಿನ, ಯಾವ ಭಾಷೆಯಲ್ಲಿ ಹೇಳಿದರು, ಹೆಸರು ಹಾಕಲು ಒಪ್ಪಿದರೋ ಇಲ್ಲವೋ ಎಂಬುದಿಷ್ಟನ್ನು ಬರೆದರೆ ಸಾಕು. ಒಪ್ಪದಿದ್ದರೆ ಹೆಸರು ಬೇಡ. ಈ ಒಪ್ಪಿಗೆಯ ಮಾತು ಚಿಂಚೋಳಿಯಲ್ಲಿ ಹೆಚ್ಚು ಮುಖ್ಯ. 2011ರಲ್ಲಿ ಇಲ್ಲಿಯ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಕಾಡಿನೊಳಗೆ, ಅಂಚಿನಲ್ಲಿ ತಾಂಡಾಗಳಿವೆ. ಅಲ್ಲಿಗೆ ಹೋಗಿ ‘ಕಟ್ಟಿಗೆ ಎಲ್ಲಿಂದ ತರುತ್ತೀರಿ, ದನ ಎಲ್ಲಿ ಮೇಯಿಸುತ್ತೀರಿ’ ಎಂದು ಕೇಳಿ, ಉತ್ತರದ ಪಕ್ಕ ಹೆಸರು, ಮನೆ ನಂಬರ್ ಬರೆದು ಅಚ್ಚು ಹಾಕಿಸಿದರೆ ಪ್ರಬಂಧ ಬರೆದವನಿಗೆ ಅಂಕ ಸಿಗುತ್ತದೆ, ಹೇಳಿದವನಿಗೆ ಕೇಸು ಬೀಳುತ್ತದೆ. ಗೈಡ್‌ಗಳು ಇದನ್ನು ಮೊದಲ ದಿನವೇ ಹೇಳಬೇಕು.

ತಾಂಡಾದ ಹುಡುಗಿಯೇ ಈ ಕೆಲಸಕ್ಕೆ ಹೊರಟರೆ ಅದರ ತೂಕವೇ ಬೇರೆ. ಆಕೆ ಕೇಳುವುದು ಲಂಬಾಣಿಯಲ್ಲಿ, ಬರೆಯುವುದು ಕನ್ನಡದಲ್ಲಿ. ಈ ಗಡಿ ತಾಲ್ಲೂಕಿನ ಮಕ್ಕಳಿಗೆ ಮೂರು ನಾಲ್ಕು ಭಾಷೆ ಸಲೀಸು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಸಂತೆಯಲ್ಲಿ ಉರ್ದು-ತೆಲುಗು. ಬೆಳಗಿನ ಬಸ್ಸಿಗೆ ಕಲಬುರಗಿಯಿಂದ ಬಂದು ಸಂಜೆ ಬಸ್ಸಿಗೆ ಹೋಗುವ ವಿದ್ವಾಂಸರಿಗೆ ಇದು ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಅಪ್ಪ-ಅವ್ವ, ಆಯಿಯ ಹತ್ತಿರ ಉಳಿದು ಶಾಲೆ ಕಲಿತ ತಾನು: ಇದು ಅವಳಿಗೆ ಜೀವನ, ಸಮಾಜಶಾಸ್ತ್ರಕ್ಕೆ ಸಾಮಗ್ರಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಇವೆ. ಆ ವರದಿಯನ್ನು ನಮ್ಮ ಮಕ್ಕಳು ಪ್ರಬಂಧದ ಮೊದಲ ಪುಟದಲ್ಲಿ ತಪ್ಪದೆ ಹೆಸರಿಸುತ್ತಾರೆ. ಅದರ ಸೂಚ್ಯಂಕಗಳನ್ನು ಒಂದು ತಾಂಡಾದ ಮಟ್ಟದಲ್ಲಿ ಇವತ್ತು ಮತ್ತೆ ಎಣಿಸಿ ನೋಡಿದರೆ ಏನು ಕಾಣುತ್ತದೆ ಎಂಬುದು ಎರಡನೇ ಪುಟದಲ್ಲಿ ಬರಬೇಕು. ಅಲ್ಲಿಗೆ ಬಹಳ ಜನ ಹೋಗುವುದಿಲ್ಲ.

*

ಚಿತ್ತಾಪುರದ ಮಗ್ಗುಲಿಗೇ ಇರುವ ನಾಗಾವಿಯಲ್ಲಿ ಒಂದು ಕಾಲಕ್ಕೆ ದೊಡ್ಡ ಘಟಿಕಾಸ್ಥಾನ ಇತ್ತು. ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನ ಏರ್ಪಡಿಸಿದ್ದು. 1058ರ ಶಾಸನ ಅದರ ಖರ್ಚುವೆಚ್ಚ ಬರೆದಿಟ್ಟಿದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಸುಮಾರು 50, ಅವರಿಗೆ ಉಪಾಧ್ಯಾಯರು. ನನ್ನ ಕಣ್ಣು ನಿಲ್ಲುವುದು ಅದೇ ಪಟ್ಟಿಯ ಇನ್ನೊಂದು ಹುದ್ದೆಯ ಮೇಲೆ: ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಕಾಯುವವರು, ಗ್ರಂಥಪಾಲಕರು. ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಜನ! ಅಲ್ಲಿ ಯಾರಿಗೆ ಓದಲು ಅವಕಾಶವಿತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ; ಅಲ್ಲಿಗೆ ಸೇರಿಸಿಕೊಳ್ಳದವರ ಮಕ್ಕಳೇ ಇಂದು ನಮ್ಮ ಕಾಲೇಜುಗಳಲ್ಲಿ ತುಂಬಿರುವುದು. ಆದರೆ ಪುಸ್ತಕಕ್ಕೆ ಆಳು ಬೇಕು ಎಂಬ ತಿಳಿವಳಿಕೆ ಆ ಕಾಲಕ್ಕಿತ್ತು. ಈಗ ನಮ್ಮ ಎಷ್ಟೋ ತಾಲ್ಲೂಕು ಕಾಲೇಜುಗಳಲ್ಲಿ ಗ್ರಂಥಾಲಯದ ಕಪಾಟಿನ ಬೀಗದ ಕೈ ಯಾರ ಹತ್ತಿರವಿದೆ ಎಂಬುದೇ ಒಂದು ಸಂಶೋಧನೆ.

ಮೊಬೈಲಿನಲ್ಲಿ ಸಿಗುವುದು ಈಗ ಕಡಿಮೆಯೇನಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಪಿಎಚ್‌.ಡಿ. ಪ್ರಬಂಧಗಳು ‘ಶೋಧಗಂಗಾ’ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ. 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಯ ಅಂಕಿ ಇದೆ. ಕನ್ನಡದ ತೊಡಕು ಬೇರೆಯೇ. ನುಡಿ, ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕುವ ಯಂತ್ರಕ್ಕೆ ಕನ್ನಡವಲ್ಲ. ‘ಚಿಂಚೋಳಿ’ ಎಂದು ಹುಡುಕಿದರೆ ಅದೇ ಊರಿನ ಬಗ್ಗೆ ಮುನ್ನೂರು ಪುಟ ಬರೆದ ಪ್ರಬಂಧ ಸಿಗದೆ ಹೋಗಬಹುದು. ಕಾಲೇಜುಗಳು ಇವತ್ತಿನಿಂದ ಯೂನಿಕೋಡ್‌ನಲ್ಲಿ ಬರೆದದ್ದನ್ನು ಮಾತ್ರ ಒಪ್ಪುತ್ತೇವೆ ಎಂದರೆ ಒಂದು ರೂಪಾಯಿ ಖರ್ಚಿಲ್ಲದೆ ಮುಂದಿನವರಿಗೆ ದಾರಿಯಾಗುತ್ತದೆ. ಸಂಶೋಧನೆಯ ವಿಧಾನ ಕನ್ನಡದಲ್ಲೇ ಓದಬೇಕೆಂದವರಿಗೆ ಎಂ. ಚಿದಾನಂದಮೂರ್ತಿಯವರ ‘ಸಂಶೋಧನೆ’, ಎಂ.ಎಂ. ಕಲಬುರ್ಗಿಯವರ ‘ಕನ್ನಡ ಸಂಶೋಧನ ಶಾಸ್ತ್ರ’ ಇವೆ. ಎರಡೂ ಶಾಸನ-ಸಾಹಿತ್ಯದ ಕಡೆ ವಾಲಿದ ಪುಸ್ತಕಗಳು, ಆದರೂ ಸಾಕ್ಷ್ಯವನ್ನು ತೂಗುವ ಬಗೆ ಎಲ್ಲ ವಿಷಯಕ್ಕೂ ಒಂದೇ.

ಎಐ ಬಗ್ಗೆ ಎರಡೇ ಮಾತು. ಅದು ಇಲ್ಲದ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ಪುಟಸಂಖ್ಯೆ ಎಲ್ಲ ಕೊಡಬಲ್ಲದು, ಅದೂ ಬಹಳ ವಿನಯದಿಂದ. ಇಂಗ್ಲಿಷ್ ತಿದ್ದಿಕೊಳ್ಳಲು, ಕೋಷ್ಟಕ ಮಾಡಿಕೊಳ್ಳಲು ಬಳಸಿದರೆ ಬಳಸಿದ್ದೇನೆ ಎಂದು ಬರೆಯಲಿ. ಓಣಿಯ ಆ ಕೊನೆಯ ಮನೆಯಲ್ಲಿ ನೆಲುವು ತೂಗಾಡಿತೋ ಇಲ್ಲವೋ ಎಂಬುದನ್ನು ಅದರ ಹತ್ತಿರ ಕೇಳದಿದ್ದರಾಯಿತು.

ಇನ್ನು ಪ್ರಕಟಣೆಯ ಗೀಳು. ಪ್ರಬಂಧ ಬರೆದ ಮೇಲೆ ‘ಇಂಟರ್‌ನ್ಯಾಷನಲ್ ಜರ್ನಲ್’ ಒಂದರಲ್ಲಿ ಅಚ್ಚಾಗಬೇಕು ಎಂಬ ಆಸೆ ಈಗ ಪದವಿಯವರೆಗೂ ಇಳಿದಿದೆ. ವಾಟ್ಸ್‌ಆ್ಯಪ್‌ನಲ್ಲಿ ಆಹ್ವಾನ ಬರುತ್ತದೆ. ದುಡ್ಡು ಕಳಿಸಿದರೆ ವಾರದೊಳಗೆ ಪ್ರಕಟಣೆ, ಜೊತೆಗೆ ಬಣ್ಣದ ಸರ್ಟಿಫಿಕೇಟು. ಯಾರೂ ಓದದೆ ಅಚ್ಚು ಹಾಕುವ ಇಂಥ ಪತ್ರಿಕೆಗಳನ್ನು ತಡೆಯಲೆಂದು ಯುಜಿಸಿ ‘ಕೇರ್’ ಪಟ್ಟಿ ಮಾಡಿತ್ತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಒಳ್ಳೆಯ ಪತ್ರಿಕೆ ಯಾವುದೆಂದು ಸಂಸ್ಥೆಗಳೇ ತೂಗಿ ನೋಡಲಿ ಎಂದಿತು. ಪಿಎಚ್‌.ಡಿ.ಯವರಿಗೇ ಪ್ರಬಂಧ ಒಪ್ಪಿಸುವ ಮೊದಲು ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನು 2022ರಲ್ಲಿ ತೆಗೆದಿರುವಾಗ ಬಿ.ಎ. ಮಕ್ಕಳ ಅಪ್ಪಂದಿರು ತೊಗರಿ ಮಾರಿದ ದುಡ್ಡನ್ನು ಇದಕ್ಕೆ ಯಾಕೆ ಸುರಿಯಬೇಕು? ಆ ಹಣದಲ್ಲಿ ಪ್ರಬಂಧದ ಹತ್ತು ಪ್ರತಿ ತೆಗೆಸಬಹುದು. ಒಂದು ಕಾಲೇಜಿಗೆ, ಒಂದು ತಾಲ್ಲೂಕು ಗ್ರಂಥಾಲಯಕ್ಕೆ, ಒಂದು ಆಯಾ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ.

ಊರಿಗೆ ಕೊಡುವ ಮೊದಲು ಕರಡನ್ನು ಊರಲ್ಲೇ ಓದುವುದು ಇನ್ನೂ ಒಳ್ಳೆಯದು. ಯಾರ ಹೊಲದ ಗಡಿ ಎಲ್ಲಿ, ಯಾವ ವರ್ಷ ಬರ ಬಿತ್ತು, ಯಾವ ಮನೆ ಮೊದಲು ಬಿತ್ತು ಎಂಬುದರಲ್ಲಿ ಕಟ್ಟೆಯ ಮೇಲಿನವರಷ್ಟು ನಿಷ್ಠುರ ಪರಿಶೀಲಕರು ಯಾವ ಜರ್ನಲ್‌ನಲ್ಲೂ ಇಲ್ಲ. ‘ಅದು ಹಂಗಲ್ಲ ತಂಗಿ’ ಎಂದು ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಅವರನ್ನೇ ತಿದ್ದುತ್ತಾರೆ. ಆ ಜಗಳವನ್ನೂ ಬರೆದುಕೊಳ್ಳಬೇಕು.

2021ರಲ್ಲಿ ಎಂಟನೇ ತರಗತಿಯಲ್ಲಿದ್ದ ಗಡಿಕೇಶ್ವಾರ ಸುತ್ತಿನ ಮಕ್ಕಳು ಪದವಿ ಕಾಲೇಜಿನ ಬಾಗಿಲಿಗೆ ಬರುವ ವಯಸ್ಸಾಯಿತು. ಆ ರಾತ್ರಿ ಬಯಲಲ್ಲಿ ಮಲಗಿದವರಲ್ಲಿ ಯಾರಾದರೂ ತನ್ನ ಊರಿನ ಬಗ್ಗೆಯೇ ಪ್ರಬಂಧ ಬರೆಯುತ್ತೇನೆ ಎಂದರೆ ಗೈಡ್ ಎದುರಿಸಬೇಕಾದ ಮೊದಲ ಪ್ರಶ್ನೆ ಇದು: ಆಯ್ದ ನಲವತ್ತು ಮನೆಗಳಲ್ಲಿ ಆಕೆಯ ಸ್ವಂತ ಮನೆಯೂ ಇರಬಹುದೇ? ಕೆಲವರು ಬೇಡ ಅನ್ನುತ್ತಾರೆ, ಅದಕ್ಕೆ ಕಾರಣಗಳೂ ಇವೆ. ನಾನು ಇರಲಿ ಅನ್ನುತ್ತೇನೆ. ಆದರೆ ಕೋಷ್ಟಕದಲ್ಲಿ ಆ ಮನೆಯ ಸಂಖ್ಯೆಯ ಪಕ್ಕ ಒಂದು ನಕ್ಷತ್ರ ಹಾಕಿ, ಇದು ಸಂಶೋಧಕಿಯ ಮನೆ, ಉತ್ತರ ಹೇಳಿದವರು ಆಕೆಯ ಅವ್ವ ಎಂದು ಕೆಳಗೆ ಬರೆಯಬೇಕು.